ತನಿಖೆಯಲ್ಲಿ ಸಿಕ್ಕಿದ ಸಾಕ್ಷ್ಯ ದೋಷಾರೋಪ ಪಟ್ಟಿಯಲ್ಲಿ ಇಲ್ಲದಿದ್ದರೆ?

ಪ್ರಶ್ನೆ (ಮಲ್ಪೆಯಿಂದ):
ಬಂದರಿನ ಬಳಿ ನಡೆದ ಹೊಡೆದಾಟದ ಪ್ರಕರಣವೊಂದರಲ್ಲಿ ನನ್ನ ಚಿಕ್ಕಪ್ಪನ ಮಗನೂ ಆರೋಪಿ. ಆ ಹೊತ್ತಿನಲ್ಲಿ ಅವನು ಐಸ್ ಪ್ಲಾಂಟಿನಲ್ಲಿ ಕೆಲಸದಲ್ಲಿದ್ದ. ಅಲ್ಲಿನ ಸಿಸಿಟಿವಿಯ ಡಿವಿಆರನ್ನು (ದೃಶ್ಯಗಳು ದಾಖಲಾಗುವ ಪೆಟ್ಟಿಗೆಯನ್ನು) ಪೊಲೀಸರು ಮಹಜರು ಬರೆದು ಕೊಂಡೊಯ್ದಿದ್ದರು. ಈಗ ಕೈಸೇರಿದ ದೋಷಾರೋಪ ಪಟ್ಟಿಯಲ್ಲಿ ಅದರ ಸುಳಿವೇ ಇಲ್ಲ. ಪ್ರಾಸಿಕ್ಯೂಟರುಗಳು ವರದಿಯೊಂದನ್ನು ಮುಚ್ಚಿಟ್ಟದ್ದರಿಂದ ಅಮೆರಿಕದ ಜಾನ್ ಥಾಂಪ್ಸನ್ ಎಂಬವರು 18 ವರ್ಷ ಸೆರೆಯಲ್ಲಿದ್ದುದನ್ನು ಓದಿದ ಮೇಲೆ ಮನೆಯವರಿಗೆಲ್ಲ ಹೆದರಿಕೆಯಾಗಿದೆ. ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಕೊಡಲೇಬೇಕೆಂಬ ಕರ್ತವ್ಯ ನಮ್ಮ ಸರ್ಕಾರಿ ಅಭಿಯೋಜಕರಿಗೂ ಇದೆಯೇ?

ಉತ್ತರ (ವಕೀಲೆ, ಮಂಗಳೂರು):
ಇದೆ. ಅಮೆರಿಕದಲ್ಲಿ ಈ ಕರ್ತವ್ಯವನ್ನು 1963ರ ಬ್ರೇಡಿ ತೀರ್ಪು ವಿಧಿಸಿತ್ತು. ಆದರೂ ಥಾಂಪ್ಸನ್ ಅವರನ್ನು ಅದು ಕಾಯಲಿಲ್ಲ. ಅವರ ಮೇಲಿದ್ದ ದರೋಡೆ ಪ್ರಕರಣದಲ್ಲಿ ದರೋಡೆಕೋರನ ರಕ್ತದ ಗುಂಪು ಬಿ ಎಂದು ಪ್ರಯೋಗಾಲಯ ಬರೆದುಕೊಟ್ಟಿತ್ತು, ಅವರದ್ದು ಒ. ಮುಚ್ಚಿಟ್ಟದ್ದು ಈ ವರದಿಯನ್ನೇ. ಆ ದರೋಡೆ ಪ್ರಕರಣದ ಶಿಕ್ಷೆಯಿಂದಾಗಿಯೇ ಮುಂದಿನ ಕೊಲೆ ವಿಚಾರಣೆಯಲ್ಲಿ ಅವರು ತಮ್ಮ ಪರವಾಗಿ ಸಾಕ್ಷ್ಯ ಹೇಳಲಾಗದೆ ಮರಣದಂಡನೆಗೆ ಗುರಿಯಾದರು. ವರದಿ ಸಿಕ್ಕಿದ್ದು 1999ರಲ್ಲಿ, ಗಲ್ಲಿನ ದಿನ ಹತ್ತಿರ ಬಂದಾಗ. ತೀರ್ಪುಗಾರರು ಕೊಡಿಸಿದ 1.4 ಕೋಟಿ ಡಾಲರ್ ಪರಿಹಾರವನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ನನ್ನ ದೃಷ್ಟಿಯಲ್ಲಿ ಇದು ಎರಡನೆಯ ಅನ್ಯಾಯ.

ನಮ್ಮಲ್ಲಿ ಸಾಕ್ಷ್ಯ ಸಾಮಾನ್ಯವಾಗಿ ಮರೆಯಾಗುವುದು ಅದಕ್ಕೂ ಮೊದಲು, ತನಿಖಾಧಿಕಾರಿ ಯಾವುದನ್ನು ಅವಲಂಬಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹಂತದಲ್ಲಿ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಪ್ರತ್ಯಕ್ಷ ಸಾಕ್ಷಿಯಾಗಿದ್ದ ಮಹಿಳೆ ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರೂ ಅವರ ಬಗ್ಗೆ ತನಿಖೆಯೇ ನಡೆಯಲಿಲ್ಲ. ಅಲೆಮಾರಿ ಸಮುದಾಯದ ಆರು ಮಂದಿಗೆ ಗಲ್ಲು ಶಿಕ್ಷೆಯಾಗಿ, 2019ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಖುಲಾಸೆಗೊಳಿಸಿತು. ಆ ಪೀಠದಲ್ಲಿ ನಮ್ಮ ಬೆಳುವಾಯಿಯ ನ್ಯಾಯಮೂರ್ತಿ ಅಬ್ದುಲ್ ನಜೀರ್ ಅವರೂ ಇದ್ದರು.

ತನಿಖಾಧಿಕಾರಿ ಅವಲಂಬಿಸದ ಹೇಳಿಕೆ, ದಾಖಲೆ, ಸೊತ್ತುಗಳ ಪಟ್ಟಿಯನ್ನೂ ಆರೋಪಿಗೆ ಒದಗಿಸಬೇಕೆಂದು 2022ರ ಮನೋಜ್ ಪ್ರಕರಣದ ತೀರ್ಪು ಹೇಳುತ್ತದೆ. ಆ ಪಟ್ಟಿಯನ್ನು ಲಿಖಿತವಾಗಿ ಕೇಳಿರಿ. ಪಟ್ಟಿ ಸಿಗದಿದ್ದರೆ ನೀವು ಕೇಳಿದ್ದೀರಿ ಎಂಬುದಾದರೂ ಕಡತದಲ್ಲಿ ಉಳಿಯುತ್ತದೆ.

ಉತ್ತರ (ನಿವೃತ್ತ ಶಿರಸ್ತೇದಾರ, ಉಡುಪಿ):
ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ಜಪ್ತಿ ಮಾಡಿದ ಸೊತ್ತನ್ನು ಠಾಣೆಯವರು ಪಿ.ಎಫ್. (ಜಪ್ತಿ ಸೊತ್ತಿನ ನಮೂನೆ) ಸಂಖ್ಯೆ ಕೊಟ್ಟು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಆದ್ದರಿಂದ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿ ಪಿ.ಎಫ್. ಮತ್ತು ಮಹಜರಿನ ದೃಢೀಕೃತ ಪ್ರತಿ ತೆಗೆಸಿಕೊಳ್ಳಿ. ಡಿವಿಆರ್ ಅದರಲ್ಲಿ ನಮೂದಾಗಿದ್ದರೆ ಇಲ್ಲವೆನ್ನಲು ಯಾರಿಗೂ ಸಾಧ್ಯವಿಲ್ಲ. ನಮೂದಾಗಿರದಿದ್ದರೆ ಮಹಜರಿಗೆ ಸಹಿ ಹಾಕಿದ ಪಂಚರು ಯಾರೆಂದು ಐಸ್ ಪ್ಲಾಂಟಿನವರನ್ನು ಇಂದೇ ವಿಚಾರಿಸಿ. ಬಂದರಿನ ಕೆಲಸಗಾರರು ಮಳೆಗಾಲದ ರಜೆಗೆ ಊರಿಗೆ ಹೋದರೆ ಹುಡುಕುವುದು ಕಷ್ಟ.

ಪ್ರಶ್ನೆ ಕೇಳಿದವರು:
ಉಪಕಾರವಾಯಿತು. ಪಂಚರಲ್ಲಿ ಒಬ್ಬರು ಪ್ಲಾಂಟಿನ ರೈಟರೇ. ಮೇಡಂ, ವಿಚಾರಣೆ ಆರಂಭವಾಗುವವರೆಗೆ ಕಾಯಬೇಕೇ?

ಉತ್ತರ (ವಕೀಲೆ, ಮಂಗಳೂರು):
ಕಾಯಬೇಕಾಗಿಲ್ಲ. ಆರೋಪ ನಿಗದಿಯ ಹಂತದಲ್ಲಿ ನ್ಯಾಯಾಲಯ ಸಾಮಾನ್ಯವಾಗಿ ದೋಷಾರೋಪ ಪಟ್ಟಿಯನ್ನಷ್ಟೇ ನೋಡುತ್ತದೆ, ನಿಜ. ಆದರೆ ತನಿಖಾಧಿಕಾರಿ ತಡೆಹಿಡಿದ ಸಾಕ್ಷ್ಯ ಸಂಶಯಾತೀತ ಗುಣಮಟ್ಟದ್ದಾಗಿದ್ದರೆ ಅದನ್ನು ಆಗಲೇ ತರಿಸಿಕೊಳ್ಳಬಹುದೆಂದು, ಕರ್ನಾಟಕದಿಂದಲೇ ಹೋದ ನಿತ್ಯ ಧರ್ಮಾನಂದ ಪ್ರಕರಣದಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ) 94ನೇ ಕಲಮಿನಡಿ ಅರ್ಜಿ ಹಾಕಿ, ಮಹಜರಿನ ಪ್ರತಿಯನ್ನು ಅದಕ್ಕೆ ಲಗತ್ತಿಸಲು ನಿಮ್ಮ ವಕೀಲರಿಗೆ ತಿಳಿಸಿ.