ಬೋಟ್ ಲೈಸೆನ್ಸ್: ಎರಡು ದಿನದ ಕೋರ್ಸ್ ಸಾಕಾ? ನಿಮ್ಮ ಅನುಭವ ಹೇಳಿ

ಹೊಸ ದೋಣಿ:
ಆರು ಮೀಟರಿನ ಔಟ್‌ಬೋರ್ಡ್ ಬೋಟ್, ಅಂದರೆ ಹಿಂಭಾಗದ ಹೊರಗೆ ಎಂಜಿನ್ ತಗುಲಿಸಿದ್ದು, ಕೊಳ್ಳುವ ಯೋಚನೆ ಇದೆ. ಸ್ವಂತ ಖುಷಿಗೆ ಅಷ್ಟೇ, ರಜೆ ದಿನ ಓಡಿಸಲು. ಅದಕ್ಕೆ ಮೊದಲು ಲೈಸೆನ್ಸ್ ಆಗಬೇಕು. ಎರಡು ದಿನದ ಕೋರ್ಸ್ ಸಾಕಾ, ಥಿಯರಿ ಮೊದಲೇ ಓದಿಕೊಂಡು ಹೋಗಬೇಕಾ? ಇನ್ನೊಂದು ವಿಷಯ, ನನಗೆ ಕೆಂಪು ಹಸಿರು ಸ್ವಲ್ಪ ಕಲಸಿದ ಹಾಗೆ ಕಾಣುತ್ತದೆ. ಅದರಿಂದ ತೊಂದರೆ ಆಗುತ್ತಾ?

ಮೂರನೇ ಸಲ ಪಾಸ್:
ಎರಡು ದಿನ ಸಾಕು ಅಂತ ನನಗೂ ಹೇಳಿದ್ದರು. ಥಿಯರಿಯಲ್ಲಿ ಒಂದೇ ಒಂದು ತಪ್ಪು. ನೀರಿಗೆ ಇಳಿದ ಮೇಲೆ ಶುರುವಾಯಿತು ನೋಡಿ. ಮೊದಲ ಪರೀಕ್ಷೆಯಲ್ಲಿ ಕಿಲ್ ಕಾರ್ಡ್, ಅಂದರೆ ಎಳೆದರೆ ಎಂಜಿನ್ ನಿಲ್ಲಿಸುವ ಬಳ್ಳಿ, ಕಾಲಿಗೆ ಸಿಕ್ಕಿಸಿಕೊಳ್ಳದೆ ಎಂಜಿನ್ ಶುರು ಮಾಡಿದೆ. ಪರೀಕ್ಷಕರು ಕೀ ತಿರುಗಿಸಿ ಆಫ್ ಮಾಡಿ "ಇಳಿಯಿರಿ" ಅಂದರು. ಜೆಟ್ಟಿಗೆ ಕಟ್ಟಿದ ಹಗ್ಗ ಕೂಡ ಬಿಚ್ಚಿರಲಿಲ್ಲ! ಎರಡನೇ ಸಲ, ನೀರಿಗೆ ಬಿದ್ದವರನ್ನು ಎತ್ತುವುದು. ಗೊಂಬೆಯ ಪಕ್ಕಕ್ಕೆ ನಾಜೂಕಾಗಿ ಬಂದೆ. ನ್ಯೂಟ್ರಲ್‌ಗೆ ಹಾಕಿದ್ದೇನೆ ಅಂದುಕೊಂಡಿದ್ದೆ, ಹಾಕಿರಲಿಲ್ಲ. ಪ್ರೊಪೆಲ್ಲರ್ ತಿರುಗುತ್ತಲೇ ಇತ್ತು. "ಅಲ್ಲಿ ನಿಮ್ಮ ಮಗ ಇದ್ದಿದ್ದರೆ?" ಅಂದರು. ಆ ಮಾತು ಈಗಲೂ ಚುಚ್ಚುತ್ತದೆ.

ಖರ್ಚಿನ ಲೆಕ್ಕ ಕೊಡುತ್ತೇನೆ. ಒಂದೊಂದು ಕಡೆ ಒಂದೊಂದು ದರ, ಹಾಗಾಗಿ ಕೋರ್ಸ್ ಶುಲ್ಕವನ್ನು 100 ಅಂತ ಇಟ್ಟುಕೊಳ್ಳಿ. ಪರೀಕ್ಷೆ ಮೂರು ಸಲ, ತಲಾ 22, ಒಟ್ಟು 66. ನಡುವೆ ಬಿಡಿ ಪಾಠ ಐದು ಗಂಟೆ, 60. ವೈದ್ಯರ ಚೀಟಿ 8. ಮೂರನೇ ಸಲದ ಹೊತ್ತಿಗೆ ಅದರ ಅವಧಿ ಮುಗಿದು ಇನ್ನೊಂದು 8. ಫೋಟೋ 1. ನೂರು ಹೋಗಿ 243 ಆಯಿತು.

ಒಂದೇ ಏಟು:
ಬೇಜಾರು ಮಾಡ್ಕೋಬೇಡಿ, ಕಿಲ್ ಕಾರ್ಡ್ ಮರೆತವರನ್ನು ಇಳಿಸಿದ್ದೇ ಸರಿ. ಚಾಲಕ ಎಗರಿ ಬಿದ್ದರೆ ಎಂಜಿನ್ ನಿಲ್ಲಿಸುವುದು ಅದೊಂದೇ. ಇಲ್ಲದಿದ್ದರೆ ಖಾಲಿ ಬೋಟ್ ಸುತ್ತು ಹೊಡೆದು ಬಿದ್ದವನ ಮೇಲೆಯೇ ಬರುತ್ತದೆ.

ನಾನು ಮೊದಲ ಸಲವೇ ಪಾಸ್. ಆರು ವಾರ ದಿನಾ ರಾತ್ರಿ ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳನ್ನು ಓದಿದೆ. ಬೆಂಕಿಪೆಟ್ಟಿಗೆಗಳನ್ನೇ ಬೋಟ್ ಮಾಡಿ ಮೇಜಿನ ಮೇಲೆ ಓಡಿಸಿದೆ. ಹಿಂದಿನಿಂದ ದಾಟಿದರೆ ನಿಯಮ 13, ಎದುರುಬದುರಾದರೆ 14, ಅಡ್ಡ ಬಂದರೆ 15. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಬಲಗಡೆಯಿಂದ ಅಡ್ಡ ಬರುವ ಪವರ್‌ಬೋಟಿಗೆ ಮೊದಲ ಹಕ್ಕು. ಇಷ್ಟು ತಲೆಗೆ ಹೋದರೆ ಉಳಿದದ್ದು ಕೈಗೆ ತಾನಾಗಿ ಬರುತ್ತದೆ.

ಹಳೇ ಹುಟ್ಟು:
ಓದಿ ಓದಿ ಮರುಳಾದ ಕೂಚಂಭಟ್ಟ! ಆ ನಿಯಮಗಳಲ್ಲಿ "ಮೊದಲ ಹಕ್ಕು" ಅನ್ನುವ ಮಾತೇ ಇಲ್ಲ ಸ್ವಾಮಿ. ಒಬ್ಬ ದಾರಿ ಬಿಡಬೇಕು. ಇನ್ನೊಬ್ಬ ದಿಕ್ಕು, ವೇಗ ಬದಲಿಸದೆ ಹೋಗಬೇಕು. ಅವನು ಬಿಡಲೇ ಇಲ್ಲವಾ, 17ನೇ ನಿಯಮದ ಪ್ರಕಾರ ಡಿಕ್ಕಿ ತಪ್ಪಿಸುವುದು ನಿಮ್ಮ ಹೊಣೆಯೂ ಹೌದು. ಹಕ್ಕು ಹಕ್ಕು ಅಂತ ನುಗ್ಗಿದವರ ಬೋಟನ್ನು ನಾನು ಎರಡು ಸಲ ಎಳೆದು ತಂದಿದ್ದೇನೆ.

ನಾನು ಹತ್ತೊಂಬತ್ತು ವರ್ಷ ಲೈಸೆನ್ಸ್ ಇಲ್ಲದೆ ಓಡಿಸಿದವನು. ನಾನಿದ್ದ ಕಡೆ ಕಾನೂನು ಕೇಳುತ್ತಿರಲಿಲ್ಲ, ಕದ್ದು ಓಡಿಸಿದ್ದಲ್ಲ. ಆಮೇಲೆ ಬೇರೆ ದೇಶದಲ್ಲಿ ಬೋಟ್ ಬಾಡಿಗೆ ಕೇಳಿದರೆ ಐಸಿಸಿ (ಬೋಟ್ ಓಡಿಸಲು ಬರುತ್ತದೆ ಅನ್ನುವ ಅಂತರರಾಷ್ಟ್ರೀಯ ಸರ್ಟಿಫಿಕೇಟ್) ಎಲ್ಲಿ ಅಂದರು. ಅದರಲ್ಲಿ ಹತ್ತು ಮೀಟರ್ ಒಳಗಿನದು ಬೇರೆ, ಮೇಲಿನದು ಬೇರೆ. ಯುರೋಪಿನ ಒಳನಾಡು ಕಾಲುವೆಗೆ ಹೋಗುವುದಾದರೆ ಸೆವ್ನಿ ಅಂತ ಮತ್ತೊಂದು ಪರೀಕ್ಷೆ. ಈ ವಯಸ್ಸಿನಲ್ಲಿ ಪುಸ್ತಕ ಹಿಡಿದೆ. ಪಾಠ ಮಾಡಿದವರು ನನ್ನ ಮಗಳ ವಯಸ್ಸಿನವರು. ಮೊದಲ ಗಂಟೆ ಬರೀ ಸಿಟ್ಟು. ಎರಡನೇ ಗಂಟೆಯಲ್ಲಿ ನನ್ನ ಚಟ ಹಿಡಿದರು. ನಾನು ಮೊದಲು ಗೇರ್ ಹಾಕಿ ಆಮೇಲೆ ಸ್ಟೀರಿಂಗ್ ತಿರುಗಿಸುತ್ತಿದ್ದೆ. ಔಟ್‌ಬೋರ್ಡಿನಲ್ಲಿ ಪ್ರೊಪೆಲ್ಲರ್ ನೀರು ತಳ್ಳುವ ದಿಕ್ಕೇ ಸ್ಟೀರಿಂಗ್. ಮೊದಲು ತಿರುಗಿಸಬೇಕು, ಆಮೇಲೆ ಗೇರ್. ನ್ಯೂಟ್ರಲ್‌ನಲ್ಲಿ ಚಕ್ರ ಎಷ್ಟು ತಿರುಗಿಸಿದರೂ ಬೋಟ್ ಮಾತು ಕೇಳುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಜೆಟ್ಟಿಗೆ ಎಷ್ಟು ಸಲ ಗುದ್ದಿದ್ದೇನೋ, ಎಲ್ಲಕ್ಕೂ ಗಾಳಿಯನ್ನೇ ಬೈದಿದ್ದೆ.

ಒಂದೇ ಏಟು:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಕ್ಕು ಅನ್ನುವುದು ಮಾತಿನ ರೂಢಿ, ಅದಕ್ಕೆ ಕೂಚಂಭಟ್ಟ ಅನ್ನಬೇಕಾಗಿರಲಿಲ್ಲ.

ಮೂರನೇ ಸಲ ಪಾಸ್:
ಗಾಳಿ ಸುಳ್ಳಲ್ಲ ಸರ್. ಮೂರನೇ ಸಲ ಗಾಳಿ ಜೆಟ್ಟಿಯಿಂದ ಹೊರಗೆ ತಳ್ಳುತ್ತಿತ್ತು. ಮೂತಿ ತಾಗಿಸುವಷ್ಟರಲ್ಲಿ ಹಿಂಭಾಗ ಆಚೆ ಹೋಗುತ್ತಿತ್ತು. ಮುಂದಿನ ಹಗ್ಗ ಕಟ್ಟಿಸಿ, ಸ್ಟೀರಿಂಗ್ ಜೆಟ್ಟಿ ಕಡೆಗೆ ತಿರುಗಿಸಿ, ಮೆಲ್ಲಗೆ ರಿವರ್ಸ್ ಕೊಟ್ಟೆ. ಹಿಂಭಾಗ ಮಗುವಿನ ಹಾಗೆ ಒಳಗೆ ಬಂತು. ಬೆಂಕಿಪೆಟ್ಟಿಗೆಗೆ ಗಾಳಿ ಬೀಸುತ್ತಾ?

ಚಾನೆಲ್ ಹದಿನಾರು:
ರೇಡಿಯೋ ವಿಷಯ ಯಾರೂ ಎತ್ತಲಿಲ್ಲವಲ್ಲ! ಬೋಟ್ ಲೈಸೆನ್ಸ್ ಸಿಕ್ಕಿದ ಖುಷಿಯಲ್ಲಿ ವಿಎಚ್‌ಎಫ್ ಸೆಟ್ ಹಾಕಿಸಿದೆ. ಆಮೇಲೆ ಗೊತ್ತಾಯಿತು, ಅದರಲ್ಲಿ ಮಾತಾಡಲು ಬೇರೆ ಸರ್ಟಿಫಿಕೇಟ್ ಬೇಕು, ಸೆಟ್ಟಿಗೆ ಮತ್ತೊಂದು ಪರವಾನಗಿ. ಮೇಲಿನವರ ಲೆಕ್ಕದಲ್ಲೇ ಹೇಳುವುದಾದರೆ ನನಗೆ 35 ಜಾಸ್ತಿ ಆಯಿತು. ಲೈಫ್ ಜಾಕೆಟ್, ಫ್ಲೇರ್ (ಅಪಾಯದಲ್ಲಿ ಹಚ್ಚಿ ತೋರಿಸುವ ಬೆಂಕಿ ಸಂಕೇತ), ಲಂಗರು, ವಿಮೆ ಎಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರ. ಫ್ಲೇರಿಗೂ ಅವಧಿ ಇರುತ್ತದೆ, ಮುಗಿದ ಮೇಲೆ ಕಸಕ್ಕೂ ಹಾಕುವ ಹಾಗಿಲ್ಲ. ನನ್ನ ಹತ್ತಿರ ಆರು ಬಿದ್ದಿವೆ.

ಹೊಸ ದೋಣಿ:
ಎಲ್ಲರಿಗೂ ಧನ್ಯವಾದ. ಬಣ್ಣದ ವಿಷಯ?

ಒಂದೇ ಏಟು:
ಬಣ್ಣ ಸುಲಭ. ಸಮುದ್ರದಿಂದ ಬಂದರಿಗೆ ಬರುವಾಗ, ದಾರಿಯ ಅಂಚು ತೋರಿಸಲು ನೀರಿನಲ್ಲಿ ಇಟ್ಟ ಕೆಂಪು ಗುರುತು ಎಡಕ್ಕೆ, ಹಸಿರು ಬಲಕ್ಕೆ. ಬಾಯಿಪಾಠ ಮಾಡಿ.

ಚಾನೆಲ್ ಹದಿನಾರು:
ಅದು ತಲೆಕೆಳಗು. ಬರುವಾಗ ಕೆಂಪು ಬಲಕ್ಕೆ. ನಿಮ್ಮ ಮಾತು ಕೇಳಿದರೆ ಆ ಮನುಷ್ಯ ಬಂಡೆಗೆ ಹೋಗಿ ಕೂರುತ್ತಾರೆ.

ಒಂದೇ ಏಟು:
ನಾನು ಪರೀಕ್ಷೆಯಲ್ಲಿ ಬರೆದದ್ದು ಇದೇ, ಪೂರ್ತಿ ಅಂಕ ಬಂತು.

ಹಗಲು ಮಾತ್ರ:
ಇಬ್ಬರೂ ಸರಿ, ಕೂಗಾಡಬೇಡಿ. ಈ ಗುರುತುಗಳಿಗಾಗಿ ಜಗತ್ತನ್ನು ಎ, ಬಿ ಅಂತ ಎರಡು ವಲಯ ಮಾಡಿದ್ದಾರೆ. ಎ ವಲಯದಲ್ಲಿ ಕೆಂಪು ಎಡಕ್ಕೆ. ಅಮೆರಿಕ ಖಂಡಗಳು, ಜಪಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ಬಿ ವಲಯ, ಅಲ್ಲಿ ಕೆಂಪು ಬಲಕ್ಕೆ. ಬಣ್ಣ ಅದಲುಬದಲಾದರೂ ಆಕಾರ ಬದಲಾಗುವುದಿಲ್ಲ. ಡಬ್ಬಿಯ ಹಾಗೆ ಚಪ್ಪಟೆ ತಲೆ ಇದ್ದರೆ ಎಡದ್ದು, ಚೂಪು ತಲೆ ಇದ್ದರೆ ಬಲದ್ದು. ನಾನು ಹಗಲು ಹೊತ್ತು ಆಕಾರ ನೋಡಿಯೇ ಓಡಿಸುತ್ತೇನೆ, ಏಕೆಂದರೆ ನನಗೂ ನಿಮ್ಮದೇ ತೊಂದರೆ.

ರಾತ್ರಿ ಕಥೆ ಬೇರೆ. ಬೇರೆ ಬೋಟಿನ ಎಡಬದಿ ಕೆಂಪು ದೀಪ, ಬಲಬದಿ ಹಸಿರು. ಕತ್ತಲಲ್ಲಿ ಆಕಾರ ಕಾಣುವುದಿಲ್ಲ. ಅದು ಯಾವ ಕಡೆಗೆ ಹೋಗುತ್ತಿದೆ ಅಂತ ಆ ಬಣ್ಣವೇ ಹೇಳಬೇಕು. ಚುಕ್ಕಿಗಳ ನಡುವೆ ಅಂಕಿ ಓದುವ ಪರೀಕ್ಷೆಯಲ್ಲಿ ನಾನು ಫೇಲ್. ದೀಪ ತೋರಿಸುವ ಇನ್ನೊಂದು ಪರೀಕ್ಷೆ ಕೇಳಿ ಪಡೆದೆ, ಅದರಲ್ಲೂ ಫೇಲ್. ಕೊನೆಗೆ ಲೈಸೆನ್ಸ್ ಮೇಲೆ "ಹಗಲು ಮಾತ್ರ" ಅಂತ ಬರೆದು ಕೊಟ್ಟರು. ಆದರೆ ನಾನು ಕಣ್ಣು ತೋರಿಸಿದ್ದು ಕೋರ್ಸ್ ಹಣ ಕಟ್ಟಿದ ಮೇಲೆ. ಕೋರ್ಸಿನಲ್ಲಿ ರಾತ್ರಿ ಪಾಠವೂ ಸೇರಿತ್ತು. ಆ ದುಡ್ಡು ವಾಪಸ್ ಬರಲಿಲ್ಲ, ಮೂರು ಪತ್ರ ಬರೆದೆ. ನೀವು ಮೊದಲು ಕಣ್ಣು ತೋರಿಸಿ. ಕೋರ್ಸ್ ಆಮೇಲೆ.

ಹಳೇ ಹುಟ್ಟು:
ಹಗಲು ಮಾತ್ರ ಅನ್ನುವುದೂ ಹೊಸ ಕಾಲದ ನಖರಾ. ನಾವು ದೀಪ ನೋಡದೆ ಎಂಜಿನ್ ಸದ್ದಿನಲ್ಲೇ ದಿಕ್ಕು ಹೇಳುತ್ತಿದ್ದೆವು.

ಒಂದೇ ಏಟು:
ಅದಕ್ಕೇ ಜೆಟ್ಟಿಗೆ ಅಷ್ಟು ಸಲ ಗುದ್ದಿದ್ದು.

ಹೊಸ ದೋಣಿ:
ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತೇನೆ. ಬೋಟಿನ ಮಾತು ಅಲ್ಲಿಯ ತನಕ ಇರಲಿ.

ಮೂರನೇ ಸಲ ಪಾಸ್:
ಚೀಟಿಯ ಮೇಲೆ ತಾರೀಖು ನೋಡಿಕೊಳ್ಳಿ. ನನಗೆ ಆ 8 ಎರಡು ಸಲ ಹೋಯಿತು.