ಸಹಾಯ ಬೇಕು: ಕಾಗೊಮೆ ಸೂಪರ್‌ಕಂಡಕ್ಟರ್‌ನಲ್ಲಿ ಎನ್‌ಎಂಆರ್ ಪೀಕ್ ಗೊಂದಲ

ನಮಸ್ಕಾರ. ಶಿವಮೊಗ್ಗದಲ್ಲಿ ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದೇನೆ. ಸೆಮಿನಾರ್‌ಗೆ ಸೀಸಿಯಂ, ವೆನೇಡಿಯಂ, ಆಂಟಿಮನಿ 1:3:5ರಲ್ಲಿ ಸೇರಿದ ಲೋಹ ತಗೊಂಡಿದ್ದೇನೆ. ವೆನೇಡಿಯಂ ಪರಮಾಣುಗಳು ನಮ್ಮ ಸಂತೆಯ ಬಿದಿರು ಬುಟ್ಟಿಯ ಹೆಣಿಗೆ ಹಾಗೇ ಕೂತಿವೆ, ಮೂಲೆಗೆ ಮೂಲೆ ತಾಗಿದ ತ್ರಿಕೋನಗಳ ಈ ಜಾಲವೇ ಕಾಗೊಮೆ. 94 ಕೆಲ್ವಿನ್‌ನಲ್ಲಿ ಚಾರ್ಜ್ ಡೆನ್ಸಿಟಿ ವೇವ್ (ಎಲೆಕ್ಟ್ರಾನ್ ಸಾಂದ್ರತೆ ಅಲೆಯ ಹಾಗೆ ಏರಿಳಿಯುವ ಸ್ಥಿತಿ), ಸುಮಾರು 2.5 ಕೆಲ್ವಿನ್‌ನಲ್ಲಿ ಸೂಪರ್‌ಕಂಡಕ್ಟರ್ (ಎಲೆಕ್ಟ್ರಾನ್‌ಗಳು ಜೋಡಿಯಾಗಿ ವಿದ್ಯುತ್ ರೋಧವೇ ಇಲ್ಲದ ಸ್ಥಿತಿ). ಇಲ್ಲಿವರೆಗೆ ಸರಿ.

ಒಂದು ಬಗೆಯ ವಾನ್ ಹೋವ್ ಬಿಂದುಗಳಲ್ಲಿ (ಒಂದೇ ಶಕ್ತಿಯ ಹತ್ತಿರ ಬಹಳ ಎಲೆಕ್ಟ್ರಾನ್ ಸ್ಥಿತಿಗಳು ಸೇರುವ ಕಡೆ) ಎಲೆಕ್ಟ್ರಾನ್ ಮೂರರಲ್ಲಿ ಒಂದೇ ಸಬ್‌ಲ್ಯಾಟಿಸ್ (ತ್ರಿಕೋನದ ಒಂದೇ ಮೂಲೆಯ ಪರಮಾಣುಗಳ ಗುಂಪು) ಮೇಲಿರುತ್ತದೆ. ಹಾಗಾಗಿ ಆ ಬಿಂದುಗಳ ನಡುವೆ ಆನ್‌ಸೈಟ್ (ಒಂದೇ ಪರಮಾಣುವಿನ ಮೇಲಿನ) ವಿಕರ್ಷಣೆಯ ಜೋರು ಕಡಿಮೆ, ಪಕ್ಕದ ಪರಮಾಣುವಿನದು ಮುಖ್ಯ. ಅದರಿಂದ ಡಿ-ವೇವ್ ತರದ ಎಲೆಕ್ಟ್ರಾನ್ ಜೋಡಿ (ದಿಕ್ಕಿನ ಜೊತೆ ಚಿಹ್ನೆ ಬದಲಾಗುವಂಥದ್ದು) ಬರಬಹುದು ಅಂತಾರೆ. ಟೈಟ್-ಬೈಂಡಿಂಗ್ ಲೆಕ್ಕ (ಎಲೆಕ್ಟ್ರಾನ್ ಪರಮಾಣುವಿಂದ ಪರಮಾಣುವಿಗೆ ಜಿಗಿಯುವ ಸರಳ ಮಾದರಿ) ಮಾಡಿ ನೋಡಿದೆ, ಸಬ್‌ಲ್ಯಾಟಿಸ್ ವಿಷಯ ಸರಿಯಾಗೇ ಬಂತು.

ಆದರೆ ಎನ್‌ಎಂಆರ್‌ನಲ್ಲಿ (ಪರಮಾಣು ಬೀಜಗಳ ಕಾಂತೀಯ ಅನುರಣನದ ಅಳತೆ) ಹೆಬೆಲ್-ಸ್ಲಿಕ್ಟರ್ ಪೀಕ್ ಕಂಡಿದೆ, ಅಂದರೆ ಸೂಪರ್‌ಕಂಡಕ್ಟರ್ ಆದ ಕೂಡಲೇ ಬೀಜಗಳ ಸ್ಪಿನ್ ರಿಲ್ಯಾಕ್ಸ್ ಆಗುವ ವೇಗ ಸ್ವಲ್ಪ ಏರುತ್ತದೆ. ಅದು ಸಾದಾ ಎಸ್-ವೇವ್ (ಎಲ್ಲಾ ದಿಕ್ಕಿನಲ್ಲೂ ಒಂದೇ ಚಿಹ್ನೆಯ ಜೋಡಿ) ಗುರುತು ಅಲ್ವಾ? ಗೈಡ್ ಕೇಳಿದರೆ ‘ಪೇಪರ್ ಓದು’ ಅಂತಾರೆ. ಪೇಪರ್‌ಗಳೇ ಜಗಳ ಆಡ್ತಿವೆ!

ಪ್ರಶ್ನೆ ಇಷ್ಟೇ: ಆ ಸಬ್‌ಲ್ಯಾಟಿಸ್ ಹಂಚಿಕೆಯಿಂದಾಗಿ ಡಿ-ವೇವ್ ಜೋಡಿಯಲ್ಲೂ ಈ ಪೀಕ್ ಉಳಿಯಬಹುದಾ, ಇಲ್ಲ ಪೀಕ್ ಬಂದರೆ ಡಿ-ವೇವ್ ಬಿಟ್ಟುಬಿಡಬೇಕಾ?