ಅಕ್ಕ ಕೇಳಿದ ಟೀ ಪರ್ಫ್ಯೂಮ್ ಬಗ್ಗೆ

ಅಕ್ಕಾ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ವಾಯ್ಸ್‌ನಲ್ಲಿ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳು.

ನೀನು ಬೇಸಿಗೆಗೆ ಅಂತ ಒಂದು ಹಗುರವಾದ ಪರ್ಫ್ಯೂಮ್ ನೋಡಿಟ್ಟಿದ್ದೀಯ. ಅದರ ಮೇಲೆ ಹಣ್ಣು, ಹೂವು, ಟೀ ಅಂತ ಬರೆದಿದೆ. ಮೈಗೆ ಹಾಕಿಕೊಳ್ಳುವುದರಲ್ಲಿ ಟೀಗೆ ಏನು ಕೆಲಸ, ಮತ್ತೆ ಇದು ಬಿಸಿಲಲ್ಲಿ ನಿಲ್ಲುತ್ತದಾ ಅಂತ ಕೇಳಿದ್ದೀಯ. ಅತ್ತಿಗೆ ಅದರ ಕೆಳಗೇ ಬರೆದಿದ್ದಾರೆ, ಅಂಥದ್ದೇ ಒಂದು ಹಾಕಿ ನೋಡಿದೆ, ಬರೀ ಹುಳಿ ಹುಳಿ ಅನ್ನಿಸಿತು, ಹೂವು ಸಿಗಲೇ ಇಲ್ಲ ಅಂತ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ.

ನನ್ನ ಮಾತು ಕೇಳುವುದಾದರೆ ತೆಗೆದುಕೋ. ಆದರೆ ಹಾಕಿದ ತಕ್ಷಣ ಮೂಸಿ ನೋಡಿ ತೀರ್ಮಾನ ಮಾಡಬೇಡ. ಮಣಿಕಟ್ಟಿನ ಮೇಲೆ ಹಾಕಿಕೊಂಡು ಒಂದು ಗಂಟೆ ಬೇರೆ ಕೆಲಸ ನೋಡಿಕೋ. ಆಮೇಲೆ ಮೂಸು. ಹಣ್ಣೆಲ್ಲ ಹೋದ ಮೇಲೂ ಟೀ ಉಳಿದಿದ್ದರೆ ಅದು ಒಳ್ಳೆಯ ಪರ್ಫ್ಯೂಮ್. ಹಣ್ಣು ಹೋದ ಮೇಲೆ ಬರೀ ಸಿಹಿ ಉಳಿದಿದ್ದರೆ ಅಲ್ಲೇ ಬಿಟ್ಟು ಬಾ.

ಟೀ ಯಾಕೆ ಅಂತ ಕೇಳಿದೆಯಲ್ಲ, ಅದೇ ನನಗೆ ತುಂಬಾ ಇಷ್ಟವಾದ ವಿಷಯ. ಇಲ್ಲಿ ಟೀ ಅಂದರೆ ಹಾಲು ಹಾಕಿ ಕುದಿಸಿದ್ದಲ್ಲ. ಒಣ ಎಲೆಯ ಡಬ್ಬಿ ತೆರೆದಾಗ ಮೂಗಿಗೆ ಬರುತ್ತದಲ್ಲ, ಆ ಘಮ. ಅದರೊಳಗೆ ಏನೇನಿದೆ ಗೊತ್ತಾ? ಲಿನಲೂಲ್ ಅಂತ ಒಂದಿದೆ, ಲ್ಯಾವೆಂಡರ್‌ನಲ್ಲಿ ಇರುವುದೂ ಅದೇ. ಜೆರಾನಿಯಾಲ್ ಇದೆ, ಅದು ಗುಲಾಬಿಯಲ್ಲೂ ಸಿಗುತ್ತದೆ. ಬೀಟಾ ಅಯೋನೋನ್ ಇದೆ, ಅದಕ್ಕೆ ವಯಲೆಟ್ ಹೂವಿನ ಪರಿಮಳ. ಡಮಾಸ್ಕೆನೋನ್ ಅಂತ ಇನ್ನೊಂದು, ಅದನ್ನು ಮೂಸಿದರೆ ಗುಲಾಬಿಯೂ ಅನ್ನಿಸುತ್ತದೆ, ಬೇಯಿಸಿದ ಸೇಬೂ ಅನ್ನಿಸುತ್ತದೆ. ಈ ಕೊನೆಯ ಎರಡು ಹುಟ್ಟುವುದು ಎಲೆಯಲ್ಲಿರುವ ಕೆರೋಟಿನಾಯ್ಡ್‌ಗಳು ಒಡೆದಾಗ. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಅದೇ ಜಾತಿಯ ವಸ್ತು. ಅಂದರೆ ಹಣ್ಣು, ಹೂವು ಎರಡೂ ಟೀ ಎಲೆಯ ಒಳಗೇ ಇವೆ. ಯಾರೋ ಸುಮ್ನೆ ಮೂರು ಹೆಸರು ಜೋಡಿಸಿ ಬಾಟಲಿ ಮೇಲೆ ಬರೆದದ್ದಲ್ಲ. ಅವು ಒಂದಕ್ಕೊಂದು ಹೊಂದುತ್ತವೆ, ಹೊಂದಲೇಬೇಕು.

ಈ ಶೈಲಿ ಹಳೆಯದೇನೂ ಅಲ್ಲ. ಬಲ್ಗರಿ ಅಂತ ಇಟಲಿಯ ಒಡವೆ ಕಂಪನಿ ಇದೆಯಲ್ಲ, ಅವರಿಗೆ ಜಾನ್ ಕ್ಲೋಡ್ ಎಲೆನಾ ಎನ್ನುವವರು 1992ರಲ್ಲಿ ಗ್ರೀನ್ ಟೀ ಪರ್ಫ್ಯೂಮ್ ಒಂದನ್ನು ಮಾಡಿಕೊಟ್ಟರು. ಎಲ್ಲರೂ ಈ ದಾರಿ ಹಿಡಿದದ್ದು ಅದಾದ ಮೇಲೆ. ಅವರು ಟೀ ಎಲೆಯನ್ನು ಹಿಂಡಿ ರಸ ತೆಗೆಯಲಿಲ್ಲ. ಅಯೋನೋನ್ ಮತ್ತು ಹೆಡಿಯೋನ್ ಎರಡನ್ನೂ ಸೇರಿಸಿ ಟೀ ಅನ್ನಿಸುವ ಹಾಗೆ ಕಟ್ಟಿದರು. ಹೆಡಿಯೋನ್ ಅಂದರೆ ಮಲ್ಲಿಗೆಯ ಜಾತಿಯ ಪರಿಮಳ, ಆದರೆ ಮಲ್ಲಿಗೆಯಷ್ಟು ಗಾಢ ಅಲ್ಲ. ಗಾಳಿಯಾಡುವ ಹಾಗೆ ತೆಳ್ಳಗೆ ಇರುತ್ತದೆ. 1966ರಲ್ಲಿ ಡಿಯೋರ್‌ನವರ ಓ ಸೊವಾಜ್ ಎಂಬ ಪರ್ಫ್ಯೂಮ್‌ನಿಂದ ಅದು ಹೆಸರಾಯಿತು. ವಯಲೆಟ್ ಮತ್ತು ಮಲ್ಲಿಗೆ ಕೂಡಿ ಟೀ ಆಗುತ್ತದೆ ಅಂದರೆ ನನಗೆ ಈಗಲೂ ಆಶ್ಚರ್ಯ!

ಆಮೇಲೆ 1994ರಲ್ಲಿ ಕ್ಯಾಲ್ವಿನ್ ಕ್ಲೈನ್‌ನವರ ಸಿಕೆ ಒನ್ ಎಂಬ ಪರ್ಫ್ಯೂಮ್ ಬಂತು, ಅದರಲ್ಲೂ ಗ್ರೀನ್ ಟೀ ಇದೆ. 1999ರಲ್ಲಿ ಎಲಿಜಬೆತ್ ಆರ್ಡೆನ್‌ನವರ ಗ್ರೀನ್ ಟೀ ಬಂತು, ಅದನ್ನು ಮಾಡಿದವರು ಫ್ರಾನ್ಸಿಸ್ ಕುರ್ಕ್‌ಜಿಯಾನ್. ನಿನಗೆ ಹಣ್ಣೂ ಬೇಕು ಅಂದೆಯಲ್ಲ, ಹಾಗಾದರೆ ಪಟ್ಟಿಯಲ್ಲಿ ಆಸ್ಮಾಂಥಸ್ ಅಂತ ಇದೆಯಾ ನೋಡು. ಅದೊಂದು ಸಣ್ಣ ಹೂವು, ಆದರೆ ಪರಿಮಳ ಏಪ್ರಿಕಾಟ್ ಹಣ್ಣಿನದು. ಅದರಲ್ಲೂ ಅಯೋನೋನ್ ಇರುವುದರಿಂದ ಟೀ ಜೊತೆ ಚೆನ್ನಾಗಿ ಬೆರೆಯುತ್ತದೆ. ಎಲೆನಾ ಅವರೇ 2005ರಲ್ಲಿ ಹರ್ಮೀಸ್ ಕಂಪನಿಗೆ ಆಸ್ಮಾಂಥಸ್ ಮತ್ತು ಟೀ ಸೇರಿಸಿ ಒಂದು ಮಾಡಿದ್ದಾರೆ. ನನ್ನನ್ನು ಕೇಳಿದರೆ ಹಣ್ಣು, ಹೂವು, ಟೀ ಮೂರಕ್ಕೂ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಪೇರ್, ಲಿಚಿ, ಪೀಚ್ ಇದ್ದರೂ ಪರವಾಗಿಲ್ಲ. ಕ್ಯಾರಮೆಲ್, ವೆನಿಲಾ ಜಾಸ್ತಿ ಇದ್ದರೆ ಮಾತ್ರ ಬೇಡ. ಸೆಕೆಯಲ್ಲಿ ಆ ಸಿಹಿ ತಲೆಗೆ ಹತ್ತುತ್ತದೆ.

ಅತ್ತಿಗೆ, ಈಗ ನಿಮ್ಮ ವಿಷಯ. ನಿಮಗೆ ಹುಳಿ ಅನ್ನಿಸಿದ್ದು ಸುಳ್ಳಲ್ಲ, ನಿಮ್ಮ ಮೂಗು ಕೆಟ್ಟಿದೆ ಅಂತಲೂ ಅಲ್ಲ. ಬೀಟಾ ಅಯೋನೋನ್ ಎಲ್ಲರಿಗೂ ಒಂದೇ ಥರ ತಿಳಿಯುವುದಿಲ್ಲ. ಅದನ್ನು ಹಿಡಿಯುವುದಕ್ಕೆ ಮೂಗಿನಲ್ಲಿ ಒಂದು ರಿಸೆಪ್ಟರ್ ಇದೆ. ಅದರ ಜೀನ್‌ನಲ್ಲಿ ಒಂದೇ ಒಂದು ಸಣ್ಣ ವ್ಯತ್ಯಾಸ ಇದ್ದರೆ ಸಾಕು, ಒಬ್ಬರಿಗೆ ಅದು ಹೂವು, ಇನ್ನೊಬ್ಬರಿಗೆ ಹುಳಿ ಅಥವಾ ಘಾಟು. 2013ರಲ್ಲಿ ಇದರ ಬಗ್ಗೆ ಸಂಶೋಧನೆಯೇ ಬಂದಿದೆ. ನಿಮ್ಮ ವಿಷಯದಲ್ಲಿ ಇದೇ ಕಾರಣ ಇರಬಹುದು. ಹಾಗಾಗಿ ಅಕ್ಕನಿಗೆ ಚೆನ್ನಾಗಿ ಕಂಡಿದ್ದು ನಿಮಗೂ ಚೆನ್ನಾಗಿ ಕಾಣಬೇಕು ಅಂತಿಲ್ಲ. ನೀವು ಅಯೋನೋನ್ ಕಡಿಮೆ ಇದ್ದು ಬರ್ಗಮಾಟ್ ಮುಂದೆ ಇರುವಂಥದ್ದು ನೋಡಿ. ಅರ್ಲ್ ಗ್ರೇ ಟೀಗೆ ಹಾಕುವ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಅದು. ಅರ್ಲ್ ಗ್ರೇ ಅಂತ ಹೆಸರಿರುವ ಪರ್ಫ್ಯೂಮ್‌ಗಳೂ ಸಿಗುತ್ತವೆ.

ನಿಲ್ಲುತ್ತದಾ ಅಂದರೆ, ಅಕ್ಕಾ, ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ನಿಲ್ಲಬೇಕು ಅಂತ ಕೇಳಲೂ ಬಾರದು ಅನ್ನುತ್ತೇನೆ ನಾನು. ನಿಂಬೆ, ಬರ್ಗಮಾಟ್‌ನಂಥವು ಬೇಗ ಆವಿಯಾಗುವ ವಸ್ತುಗಳು. ಬಿಸಿ ಮೈ ಮೇಲೆ ಇನ್ನೂ ಬೇಗ ಹಾರಿಹೋಗುತ್ತವೆ. ಹಗುರ ಅನ್ನಿಸುವುದೇ ಆ ಕಾರಣಕ್ಕೆ. ಇಡೀ ದಿನ ನಿಲ್ಲುವಂತೆ ಮಾಡಬೇಕಾದರೆ ಕೆಳಗೆ ಮರದ, ಅಂಬರ್‌ನ ಭಾರವಾದ ಪರಿಮಳ ಎಲ್ಲ ಸೇರಿಸಬೇಕು. ಆಗ ಅದು ಟೀ ಆಗಿ ಉಳಿಯುವುದಿಲ್ಲ. ಅದರ ಬದಲು ಸಣ್ಣ ಸ್ಪ್ರೇ ಬಾಟಲಿಗೆ ಸ್ವಲ್ಪ ತುಂಬಿ ಬ್ಯಾಗಿನಲ್ಲಿ ಇಟ್ಟುಕೋ, ಮಧ್ಯಾಹ್ನ ಇನ್ನೊಮ್ಮೆ ಹಾಕಿಕೋ. ಒಣ ಚರ್ಮದ ಮೇಲೆ ಇನ್ನೂ ಬೇಗ ಹೋಗುತ್ತದೆ, ಅದಕ್ಕೆ ಮೊದಲು ವಾಸನೆಯಿಲ್ಲದ ಲೋಶನ್ ಹಚ್ಚಿಕೋ. ಹತ್ತಿ ಬಟ್ಟೆಯ ಮೇಲೆ ಹಾಕಿದರೆ ಮೈಗಿಂತ ಜಾಸ್ತಿ ಹೊತ್ತು ಇರುತ್ತದೆ. ರೇಷ್ಮೆಗೆ ಬೇಡ, ಕಲೆ ಬೀಳಬಹುದು.

ಒಂದು ಮಾತ್ರ ನೆನಪಿಟ್ಟುಕೋ. ನಿನಗೆ ಪರಿಮಳ ತಿಳಿಯುತ್ತಿಲ್ಲ ಅಂದ ಮಾತ್ರಕ್ಕೆ ಅದು ಹೋಗಿದೆ ಅಂತಲ್ಲ. ಒಂದೇ ಪರಿಮಳ ಬರುತ್ತಾ ಇದ್ದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಮತ್ತೆ ಹಾಕುವ ಮೊದಲು ಪಕ್ಕದವರನ್ನು ಕೇಳು. ಅಮ್ಮನಿಗೆ ಜೋರು ಸೆಂಟ್ ಆದರೆ ತಲೆನೋವು ಬರುತ್ತದೆ, ಗೊತ್ತಲ್ವಾ.

ಬಾಟಲಿಯನ್ನು ಕಿಟಕಿ ಹತ್ತಿರ, ಕಾರಿನಲ್ಲಿ ಇಡಬೇಡ. ಲಿನಲೂಲ್, ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯಲ್ಲಿರುವ ಲಿಮೊನೀನ್, ಇವು ಗಾಳಿಗೆ ತೆರೆದುಕೊಂಡು ಹಳತಾದರೆ ಪರಿಮಳ ಕೆಡುವುದಷ್ಟೇ ಅಲ್ಲ, ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತವೆ. ಮುಚ್ಚಳ ಸರಿಯಾಗಿ ಹಾಕಿ ಕಪಾಟಿನಲ್ಲಿ ಇಡು. ನಿನ್ನದು ಬೇಗ ಕೆರಳುವ ಚರ್ಮ, ಅದಕ್ಕೆ ಮೊದಲು ಮೊಣಕೈ ಒಳಭಾಗದಲ್ಲಿ ಸ್ವಲ್ಪವೇ ಹಾಕಿ ಒಂದು ದಿನ ನೋಡು. ಮನೆಯಲ್ಲೇ ಬರ್ಗಮಾಟ್ ಎಣ್ಣೆ ಬೆರೆಸಿ ಮಾಡುವ ವಿಡಿಯೋಗಳು ಬರುತ್ತವೆ, ಅದು ಮಾತ್ರ ಬೇಡ. ಆ ಎಣ್ಣೆಯಲ್ಲಿ ಬರ್ಗಾಪ್ಟೆನ್ ಅಂತ ಒಂದಿದೆ. ಅದು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಆಗಿ ಕಪ್ಪು ಕಲೆ ಉಳಿಯುತ್ತದೆ. ಪರ್ಫ್ಯೂಮ್ ಕಂಪನಿಗಳು ಅದನ್ನು ತೆಗೆದ ಎಣ್ಣೆ ಬಳಸುತ್ತವೆ, ಇಲ್ಲವೇ ಮಿತಿಯಲ್ಲಿ ಹಾಕುತ್ತವೆ.

ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಇರುವುದನ್ನು ಫೋಟೋ ತೆಗೆದು ಇಲ್ಲೇ ಹಾಕು ಅಕ್ಕಾ, ನೋಡಿ ಹೇಳುತ್ತೇನೆ. ಅತ್ತಿಗೆ, ನೀವು ಹಾಕಿ ನೋಡಿದ್ದು ಯಾವುದು ಅಂತಲೂ ಬರೆಯಿರಿ.